ಜೀವನಾಂಶದ ಹಾದಿ: 25 ರೂಪಾಯಿಯಿಂದ ಹತ್ತು ಸಾವಿರಕ್ಕೆ

ಇಂದೋರ್‌ನ ಶಾ ಬಾನೊ ಕೋರ್ಟಿಗೆ ಹೋಗಿದ್ದು ಧರ್ಮದ ಮೇಲೆ ಜಗಳ ಆಡೋಕಲ್ಲ, ಹೊಟ್ಟೆಪಾಡಿಗೆ. ಗಂಡ ವಕೀಲ. 43 ವರ್ಷ ಸಂಸಾರ ಮಾಡಿ, ಐದು ಮಕ್ಕಳಾದ ಮೇಲೆ 1975ರಲ್ಲಿ ಆಕೆಯನ್ನು ಮನೆಯಿಂದ ಹೊರಗೆ ಹಾಕಿದ. 1978ರಲ್ಲಿ ಆಕೆ ಕೇಳಿದ್ದು ತಿಂಗಳಿಗೆ 500 ರೂಪಾಯಿ. ಕೇಸು ನಡೆಯುತ್ತಿದ್ದಾಗಲೇ ಅವನು ತಲಾಖ್ ಕೊಟ್ಟ. ಮೆಹರ್ (ಮದುವೆಯಲ್ಲಿ ಹೆಂಡತಿಗೆ ಕೊಡಲು ಒಪ್ಪಿದ ಹಣ) ಮತ್ತು ಇದ್ದತ್ (ತಲಾಖ್ ಆದ ಮೇಲೆ ಹೆಂಡತಿ ಮರುಮದುವೆಯಾಗದೆ ಕಾಯಬೇಕಾದ ಕಾಲ) ಅವಧಿಯ ಖರ್ಚು ಕೊಟ್ಟಾಯ್ತು, ಇನ್ನು ನನಗೆ ಹೊಣೆ ಇಲ್ಲ ಅಂದ. ಮ್ಯಾಜಿಸ್ಟ್ರೇಟ್ ಕೊಡಿಸಿದ್ದು ಬರೀ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅಷ್ಟನ್ನು ಕೊಡೋಕೂ ಮನಸ್ಸಿಲ್ಲದೆ ಅವನು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ.

1985ರ ಏಪ್ರಿಲ್ 23ರಂದು ಐವರು ನ್ಯಾಯಮೂರ್ತಿಗಳ ಪೀಠ ಆಕೆಯ ಪರ ತೀರ್ಪು ಕೊಟ್ಟಿತು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶ ಕೊಡಿಸುವ 125ನೇ ಸೆಕ್ಷನ್ ಎಲ್ಲ ಧರ್ಮದವರಿಗೂ ಒಂದೇ ಎಂದಿತು. ತಲಾಖ್ ಆದ ಹೆಂಡತಿಯ ಬದುಕಿಗೆ ದಾರಿ ಮಾಡಿಕೊಡಬೇಕು ಎನ್ನುವ ಕುರ್‌ಆನ್‌ನ ವಚನವನ್ನೂ ಎತ್ತಿ ತೋರಿಸಿತು. ಹಾಗಿದ್ದೂ ಇದು ಧರ್ಮಕ್ಕೆ ಕೈ ಹಾಕಿದ ತೀರ್ಪು ಎಂಬ ಕೂಗು ಎದ್ದಿತು. ಈ ಗಲಾಟೆಯಲ್ಲಿ ಆಕೆಯ ಹಸಿವಿನ ಮಾತೇ ಮರೆತುಹೋಯಿತು. ಒತ್ತಡ ತಾಳಲಾರದೆ ಶಾ ಬಾನೊ ತಮಗೆ ಸಿಕ್ಕಿದ ಹಕ್ಕನ್ನೇ ಬಿಟ್ಟುಕೊಟ್ಟರು. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ನೋವು ಕೊಡುವುದು ಇದೇ.

1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ತಲಾಖ್ ಆದ ಮುಸ್ಲಿಂ ಹೆಣ್ಣುಮಕ್ಕಳಿಗೆಂದು ಹೊಸ ಕಾನೂನು ತಂದಿತು. ಗಂಡ ಕೊಡಬೇಕಾದ್ದನ್ನು ಇದ್ದತ್ ಅವಧಿಯೊಳಗೆ ಕೊಟ್ಟರೆ ಸಾಕು ಎಂಬಂತೆ ಅದು ಕಂಡಿತು. ಶಾ ಬಾನೊ ಪರ ವಾದಿಸಿದ್ದ ವಕೀಲ ಡ್ಯಾನಿಯಲ್ ಲತೀಫಿ ಅದನ್ನು ಪ್ರಶ್ನಿಸಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಲಿಲ್ಲ. ಆದರೆ ಹಣವನ್ನು ಇದ್ದತ್ ಒಳಗೇ ಕೊಟ್ಟರೂ ಅದು ಆಕೆಯ ಮುಂದಿನ ಬದುಕಿಗೂ ಸಾಕಾಗುವಷ್ಟು ಇರಬೇಕು ಎಂದಿತು.

ಆಮೇಲೆ ತ್ರಿವಳಿ ತಲಾಖ್ ಅನ್ನು ಪ್ರಶ್ನಿಸಿ ಉತ್ತರಾಖಂಡದ ಶಾಯರಾ ಬಾನೊ ಕೋರ್ಟಿಗೆ ಬಂದರು. 2017ರಲ್ಲಿ ಒಂದೇ ಉಸಿರಿನ ತ್ರಿವಳಿ ತಲಾಖ್ ಅನ್ನು ಸುಪ್ರೀಂ ಕೋರ್ಟ್ 3–2 ಬಹುಮತದಿಂದ ರದ್ದು ಮಾಡಿತು. 2019ರ ಕಾನೂನು ಅದನ್ನು ಮೂರು ವರ್ಷದವರೆಗೆ ಜೈಲಾಗುವ ಅಪರಾಧ ಮಾಡಿತು. ಗಂಡ ಜೈಲಿಗೆ ಹೋದರೆ ಮನೆ ಖರ್ಚಿಗೆ ಕೊಡೋರು ಯಾರು? ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ ಅಲ್ವಾ?

2024ರ ಜುಲೈನಲ್ಲಿ ತೆಲಂಗಾಣದ ಒಂದು ಜೀವನಾಂಶದ ಕೇಸು ತೀರ್ಮಾನವಾಯಿತು. ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 20,000 ರೂಪಾಯಿ ಕೊಡಲು ಹೇಳಿತ್ತು, ಹೈಕೋರ್ಟ್ ಅದನ್ನು 10,000ಕ್ಕೆ ಇಳಿಸಿತ್ತು. ಅದಕ್ಕೂ ಒಪ್ಪದ ಗಂಡನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು. 1986ರ ಕಾನೂನು ಇದ್ದರೂ 125ನೇ ಸೆಕ್ಷನ್‌ನ ಬಾಗಿಲು ಮುಸ್ಲಿಂ ಹೆಣ್ಣುಮಕ್ಕಳಿಗೆ ಮುಚ್ಚಿಲ್ಲ ಎಂದಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯ 1985ರಲ್ಲಿ ಶಾ ಬಾನೊ ತೀರ್ಪು ಕೊಟ್ಟ ಐವರಲ್ಲಿ ಒಬ್ಬರಾಗಿದ್ದರು.