ಪಿಎಚ್‌ಡಿ ಇಲ್ಲದೆ ನರವಿಜ್ಞಾನ ಲ್ಯಾಬ್ ಸೇರಿದರೆ ಮಾಡುವ ಕೆಲಸವೇನು?

ಓದುಗರ ಪ್ರಶ್ನೆ: ಜೀವವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿದ್ದೇನೆ. ವಿಶ್ವವಿದ್ಯಾಲಯವೊಂದರ ನರವಿಜ್ಞಾನ ಪ್ರಯೋಗಾಲಯದಲ್ಲಿ ರಿಸರ್ಚ್ ಸ್ಪೆಷಲಿಸ್ಟ್ ಹುದ್ದೆಗೆ ಅರ್ಜಿ ಕರೆದಿದ್ದಾರೆ. ಪಿಎಚ್‌ಡಿ ಕೇಳಿಲ್ಲ. ಇದು ಬರೀ ಟೆಕ್ನಿಷಿಯನ್ ಕೆಲಸವೋ, ನಿಜವಾದ ಸಂಶೋಧನೆಯೋ? ಸೇರಿದರೆ ಮುಂದೆ ದಾರಿ ಉಂಟೇ?

ಉತ್ತರ: ಸಂಶೋಧನೆಯೇ, ಅನುಮಾನ ಬೇಡ. ಆದರೆ ಅದರಲ್ಲಿ ನಿಮ್ಮ ಪಾಲು ಯಾವುದು ಅನ್ನುವುದನ್ನು ಸೇರುವ ಮೊದಲೇ ತಿಳಿದುಕೊಂಡಿರಬೇಕು. ಯಾವ ಪ್ರಶ್ನೆಯ ಬೆನ್ನು ಹತ್ತಬೇಕು ಎಂದು ತೀರ್ಮಾನಿಸುವವರು ಲ್ಯಾಬಿನ ಮುಖ್ಯಸ್ಥರು, ಅಂದರೆ ಎಲ್ಲರೂ ಪಿಐ ಎಂದು ಕರೆಯುವವರು. ಸಿಕ್ಕ ಉತ್ತರವನ್ನು ನಂಬಬಹುದೇ ಇಲ್ಲವೇ ಅನ್ನುವುದು ಮಾತ್ರ ಬಹುಪಾಲು ಸ್ಪೆಷಲಿಸ್ಟ್ ಕೈಯಲ್ಲಿ. ಪಿಎಚ್‌ಡಿ ವಿದ್ಯಾರ್ಥಿ ಪ್ರಬಂಧ ಮುಗಿಸಿ ಹೊರಡುತ್ತಾನೆ, ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಕೆಲವು ವರ್ಷದ ಮಟ್ಟಿಗೆ ಸಂಶೋಧನೆಗೆ ಬಂದವಳು, ಬೇರೆಡೆ ಕೆಲಸ ಸಿಕ್ಕಿದ ಕೂಡಲೇ ಹೊರಡುತ್ತಾಳೆ. ಅವರು ಬರುವ ಮೊದಲೂ ಹೋದ ಮೇಲೂ ಅದೇ ಪ್ರಯೋಗ ಅದೇ ಫಲಿತಾಂಶ ಕೊಡಬೇಕಲ್ಲ, ಅದನ್ನು ನೋಡಿಕೊಳ್ಳುವುದೇ ಈ ಹುದ್ದೆ.

ಹೀಗೆ ಹೇಳಿದರೆ ಯಾರಿಗೂ ಏನೂ ಕಾಣುವುದಿಲ್ಲ. ಒಂದು ದಿನದ ಕೆಲಸವನ್ನೇ ಹತ್ತಿರದಿಂದ ನೋಡೋಣ. ಪ್ಯಾಚ್ ಕ್ಲಾಂಪ್ ಮಾಡುವ ಲ್ಯಾಬ್ ಎಂದಿಟ್ಟುಕೊಳ್ಳಿ. ಒಂದೇ ಒಂದು ನರಕೋಶದ ಒಳಗೆ ಹೊರಗೆ ಹರಿಯುವ ವಿದ್ಯುತ್ತನ್ನು ಅಳೆಯುವ ವಿಧಾನವಿದು. ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಇದನ್ನು ಪ್ರಕಟಿಸಿದರು, 1991ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಷ್ಟು ವರ್ಷವಾದರೂ ಇದು ಕೈಪಳಗಬೇಕಾದ ಕೆಲಸವಾಗಿಯೇ ಉಳಿದಿದೆ.

ಬೆಳಿಗ್ಗೆ ಮೊದಲು ದ್ರಾವಣ. ಮಿದುಳಿನ ಸುತ್ತ ಇರುವ ದ್ರವವನ್ನು ಹೋಲುವ ಉಪ್ಪುನೀರು: ಸೋಡಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್, ಗ್ಲೂಕೋಸ್ ಇತ್ಯಾದಿ. ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈಆಕ್ಸೈಡ್ ಇರುವ ಅನಿಲವನ್ನು ಅದರೊಳಗೆ ಗುಳ್ಳೆಗುಳ್ಳೆಯಾಗಿ ಬಿಡಬೇಕು. ಕ್ಯಾಲ್ಸಿಯಂ ಹಾಕುವುದು ಆಮೇಲೆ. ಅವಸರಪಟ್ಟು ಮೊದಲೇ ಸುರಿದರೆ ದ್ರಾವಣ ಹಾಲಿನಂತೆ ಮಬ್ಬಾಗುತ್ತದೆ, ಚೆಲ್ಲಿ ಮತ್ತೆ ಮಾಡಬೇಕು. ಪಿಎಚ್ 7.3ರಿಂದ 7.4ರ ನಡುವೆ ಬರಬೇಕು, ಆಸ್ಮೊಲಾರಿಟಿ, ಅಂದರೆ ಕರಗಿದ ಕಣಗಳ ಸಾಂದ್ರತೆ, ಸುಮಾರು 300 ಮಿಲಿಆಸ್ಮೋಲ್ ಆಸುಪಾಸಿನಲ್ಲಿ ಇರಬೇಕು.

ಆಮೇಲೆ ಇಲಿ. ಅರಿವಳಿಕೆ ಕೊಟ್ಟು, ಮಿದುಳನ್ನು ಹೊರತೆಗೆದು, ಮಂಜಿನಷ್ಟು ತಣ್ಣಗಿರುವ ದ್ರಾವಣಕ್ಕೆ ಹಾಕಬೇಕು. ಇಲ್ಲಿ ಒಂದೊಂದು ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ, ಆಮ್ಲಜನಕ ಸಿಗದ ನರಕೋಶ ಕಾಯುವುದಿಲ್ಲ. ವೈಬ್ರಟೋಮ್ ಎಂಬ, ಬ್ಲೇಡು ಅದುರುತ್ತಾ ಮುಂದೆ ಸರಿಯುವ ಯಂತ್ರದಲ್ಲಿ ಸುಮಾರು 300 ಮೈಕ್ರೋಮೀಟರ್ ದಪ್ಪದ ಸ್ಲೈಸ್‌ಗಳನ್ನು ಕೊಯ್ದು, ಬೆಚ್ಚಗಿನ ದ್ರಾವಣದಲ್ಲಿ ಅರ್ಧ ಗಂಟೆಯಷ್ಟು ಸುಧಾರಿಸಿಕೊಳ್ಳಲು ಬಿಡುತ್ತಾರೆ. ಚೆನ್ನಾಗಿ ಕೊಯ್ದ ಸ್ಲೈಸ್ ಆರೆಂಟು ಗಂಟೆ ಜೀವ ಹಿಡಿದುಕೊಂಡಿರುತ್ತದೆ. ಅಷ್ಟರೊಳಗೆ ಆದಷ್ಟು ದಾಖಲಿಸಿಕೊಳ್ಳಬೇಕು. ಈ ಲ್ಯಾಬುಗಳಲ್ಲಿ ರಾತ್ರಿ ದೀಪ ಯಾಕೆ ಉರಿಯುತ್ತಿರುತ್ತದೆ ಎಂದರೆ ಇದಕ್ಕೇ.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬದುಕಿರುವ ಕೋಶದ ಅಂಚು ನುಣುಪಾಗಿ, ಮೃದುವಾಗಿ ಕಾಣುತ್ತದೆ. ಸಾಯುತ್ತಿರುವ ಕೋಶ ಊದಿಕೊಂಡಿರುತ್ತದೆ, ಒಳಗಿನ ನ್ಯೂಕ್ಲಿಯಸ್ ಎದ್ದು ಕಾಣುತ್ತದೆ. ಹೊಸಬರಿಗೆ ಕಣ್ಣಿಗೆ ಬೀಳುವುದು ಎರಡನೆಯದೇ, ಅದು ಸ್ಪಷ್ಟವಾಗಿರುತ್ತದಲ್ಲ! ಅದನ್ನೇ ಆರಿಸಿಕೊಂಡು ಇಡೀ ಮಧ್ಯಾಹ್ನ ಒದ್ದಾಡುತ್ತಾರೆ. ತುದಿ ಒಂದೆರಡು ಮೈಕ್ರೋಮೀಟರ್ ಇರುವ ಗಾಜಿನ ಪೈಪೆಟ್‌ನಲ್ಲಿ ಸ್ವಲ್ಪ ಒತ್ತಡ ಇಟ್ಟುಕೊಂಡೇ ಕೋಶದ ಹತ್ತಿರ ಹೋಗಬೇಕು. ಕೋಶದ ಮೈಮೇಲೆ ಸಣ್ಣ ಗುಳಿ ಬಿದ್ದದ್ದು ಕಂಡ ಕೂಡಲೇ ಒತ್ತಡ ಬಿಟ್ಟು, ಮೆಲ್ಲಗೆ ಹೀರಬೇಕು. ಎಷ್ಟೋ ಕಡೆ ಈಗಲೂ ರಬ್ಬರ್ ನಳಿಕೆಯನ್ನು ಬಾಯಲ್ಲಿಟ್ಟುಕೊಂಡೇ ಹೀರುತ್ತಾರೆ. ಪರದೆಯ ಮೇಲೆ ರೆಸಿಸ್ಟೆನ್ಸ್ ಕೆಲವು ಮೆಗಾಓಮ್‌ನಿಂದ ಗಿಗಾಓಮ್‌ಗೆ ಏರುತ್ತದೆ. ಗಾಜು ಕೋಶದ ಪೊರೆಗೆ ಅಂಟಿತು ಎಂದರ್ಥ. ಇನ್ನೊಂದು ಚಿಕ್ಕ ಹೀರು ಹೀರಿದರೆ ಪೊರೆ ಒಡೆದು ಕೋಶದ ಒಳಕ್ಕೆ ದಾರಿ ಸಿಗುತ್ತದೆ. ಆಮೇಲೆ ಅಳೆಯುವ ವಿದ್ಯುತ್ತು ಪಿಕೋಆಂಪಿಯರ್‌ಗಳ ಲೆಕ್ಕದ್ದು, ಒಂದು ಪಿಕೋಆಂಪಿಯರ್ ಎಂದರೆ ಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಪಾಲು. ಯಾರಾದರೂ ಬಾಗಿಲು ದಬಕ್ಕನೆ ಹಾಕಿದರೆ ಮುಗಿಯಿತು.

ಇಷ್ಟನ್ನು ಚುರುಕಾದ ವಿದ್ಯಾರ್ಥಿಯೂ ಕೆಲವು ತಿಂಗಳಲ್ಲಿ ಕಲಿಯುತ್ತಾನೆ. ಸ್ಪೆಷಲಿಸ್ಟ್ ಬೇಕಾಗುವುದು ಇದು ಕೈಕೊಟ್ಟಾಗ. ಸೋಮವಾರದಿಂದ ಯಾರಿಗೂ ಒಂದು ಕೋಶವೂ ನಿಲ್ಲುತ್ತಿಲ್ಲ. ನೀರು ಶುದ್ಧೀಕರಿಸುವ ಯಂತ್ರದ ಫಿಲ್ಟರೇ? ಹೊಸದಾಗಿ ಒಡೆದ ಮೆಗ್ನೀಷಿಯಂ ಬಾಟಲಿಯೇ? ಬ್ಲೇಡಿನ ಪೊಟ್ಟಣ ಬದಲಾಯಿತೇ? ಸಿಲಿಂಡರ್ ಖಾಲಿಯಾಗುತ್ತಾ ಬಂದಿದೆಯೇ? ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಪ್ರಯೋಗ ಸರಿಹೋದೀತು, ಕಾರಣ ಮಾತ್ರ ತಿಳಿಯುವುದಿಲ್ಲ, ಮೂರು ತಿಂಗಳ ಮೇಲೆ ಅದೇ ಗೋಳು. ಒಂದೊಂದನ್ನೇ ಬದಲಿಸಿ ನೋಡುವ ತಾಳ್ಮೆ ಬೇಕು. ಪ್ರತಿ ಬಾಟಲಿ ತೆರೆದ ದಿನಾಂಕ, ಲಾಟ್ ನಂಬರ್ ಬರೆದಿಟ್ಟ ಪುಸ್ತಕ ಬೇಕು. ಆ ಪುಸ್ತಕ ಇಡುವವರು ನೀವೇ. ನನ್ನನ್ನು ಕೇಳಿದರೆ, ಒಂದು ಲ್ಯಾಬ್ ಹೇಗಿದೆ ಎಂದು ತಿಳಿಯಲು ಅವರ ಪ್ರಬಂಧಗಳಿಗಿಂತ ಈ ಪುಸ್ತಕವನ್ನು ತಿರುವಿಹಾಕುವುದು ಮೇಲು.

ಇನ್ನೊಂದು ದೊಡ್ಡ ಹೊರೆ ಇಲಿಗಳ ಸಂಸಾರ. ಜಾಹೀರಾತಿನಲ್ಲಿ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ, ವಾರದಲ್ಲಿ ಅದೆಷ್ಟು ಹೊತ್ತು ತಿನ್ನುತ್ತದೆ ಎಂದು ಯಾರೂ ಹೇಳುವುದಿಲ್ಲ. ಲೆಕ್ಕ ನೋಡಿ. ಮಿದುಳಿನ ಒಂದು ಬಗೆಯ ಕೋಶದಲ್ಲಿ ಮಾತ್ರ ಒಂದು ಜೀನ್ ತೆಗೆದುಹಾಕಿದ ಇಲಿ ಬೇಕು. ವಾಡಿಕೆಯ ಜೋಡಿ ಕಟ್ಟಿದರೆ ನಾಲ್ಕರಲ್ಲೊಂದು ಮರಿಗೆ ಬೇಕಾದ ಜೀನ್ ಜೋಡಣೆ ಬರುತ್ತದೆ. ಹೆಣ್ಣೇ ಬೇಕು ಎಂದರೆ ಎಂಟರಲ್ಲೊಂದು. ಅಂಥವು 12 ಬೇಕಿದ್ದರೆ ಸುಮಾರು 96 ಮರಿ ಹುಟ್ಟಬೇಕು. ಬಸಿರು ಮೂರು ವಾರ, ತಾಯಿಯಿಂದ ಬೇರೆ ಮಾಡುವುದು ಮತ್ತೆ ಮೂರು ವಾರಕ್ಕೆ, ಪ್ರಯೋಗಕ್ಕೆ ಎಂಟು ವಾರ ತುಂಬಿರಬೇಕು. ಇಂದು ಜೋಡಿ ಕೂಡಿಸಿದರೆ ಕೈಗೆ ಇಲಿ ಬರುವುದು ಹನ್ನೊಂದು ವಾರದ ಮೇಲೆ. ಪಿಐ ಬಂದು ‘ಮುಂದಿನ ತಿಂಗಳಿಗೆ ಆಗುತ್ತದಲ್ಲವೇ’ ಎಂದು ಕೇಳಿದಾಗ ಆಗುವುದಿಲ್ಲ ಎಂದು ಕ್ಯಾಲೆಂಡರ್ ತೋರಿಸಿ ಹೇಳುವವರೂ ನೀವೇ. ಪ್ರತಿ ಮರಿಯ ಚೂರು ಅಂಗಾಂಶ ತೆಗೆದು, ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿ, ಯಾವುದು ಯಾವ ಜೀನ್‌ನದು ಎಂದು ಗುರುತು ಹಾಕಬೇಕು. ಒಂದು ಪಂಜರದ ಚೀಟಿ ಅದಲುಬದಲಾದರೆ ಒಂದು ವರ್ಷದ ಡೇಟಾ ನೀರುಪಾಲು.

ಇಲಿಯನ್ನು ಎತ್ತಿಕೊಳ್ಳುವ ರೀತಿಯೂ ಪ್ರಯೋಗದ ಭಾಗವೇ. ಬಾಲ ಹಿಡಿದು ಎತ್ತಿದ ಇಲಿಗಳಲ್ಲಿ ಆತಂಕ ಹೆಚ್ಚು, ಕೊಳವೆಯೊಳಗೆ ಹೊಕ್ಕಿಸಿಯೋ ಬೊಗಸೆಯಲ್ಲೋ ಎತ್ತಿಕೊಂಡವುಗಳಲ್ಲಿ ಕಡಿಮೆ ಎಂದು ಜೇನ್ ಹರ್ಸ್ಟ್ ಮತ್ತು ರೆಬೆಕ್ಕಾ ವೆಸ್ಟ್ 2010ರಲ್ಲಿ ತೋರಿಸಿದರು. ಗಂಡಸರು ಹತ್ತಿರವಿದ್ದರೆ, ಅಷ್ಟೇಕೆ, ಅವರು ತೊಟ್ಟ ಅಂಗಿ ಪಕ್ಕದಲ್ಲಿದ್ದರೂ ಇಲಿಗಳಿಗೆ ಒತ್ತಡವಾಗಿ ನೋವಿನ ಪ್ರತಿಕ್ರಿಯೆ ಕುಗ್ಗುತ್ತದೆ ಎಂಬುದು 2014ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಅವರ ಗುಂಪಿನಿಂದ ಬಂದ ಸುದ್ದಿ. ಹಾಗಾಗಿ ಯಾವ ದಿನ ಯಾರು ಇಲಿ ಮುಟ್ಟಿದರು ಎಂಬುದನ್ನೂ ಬರೆದಿಡಬೇಕು.

ಇಲ್ಲೇ ಒಂದು ಮಾತು ನೇರವಾಗಿ ಹೇಳಬೇಕು. ಈ ಕೆಲಸದಲ್ಲಿ ಇಲಿಗಳನ್ನು ಕೊಲ್ಲಬೇಕಾಗುತ್ತದೆ, ಅದೂ ನಿಮ್ಮ ಕೈಯಾರೆ, ವಾರವಾರವೂ. ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ತತ್ವಗಳು, ಅಂದರೆ ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ದಾರಿ ಹಿಡಿಯುವುದು, ಆಗದಿದ್ದರೆ ಸಂಖ್ಯೆ ತಗ್ಗಿಸುವುದು, ನೋವು ತಗ್ಗಿಸುವುದು, ಇಂದು ನೈತಿಕ ಸಮಿತಿಗಳ ಅನುಮತಿಗೆ ಬುನಾದಿ. ಆ ಅನುಮತಿಯ ಕಾಗದಪತ್ರ ನೋಡಿಕೊಳ್ಳುವುದೂ ಎಷ್ಟೋ ಕಡೆ ಸ್ಪೆಷಲಿಸ್ಟ್ ಪಾಲಿಗೇ. ಕಾಗದ ಸರಿಯಿದ್ದ ಮಾತ್ರಕ್ಕೆ ಮನಸ್ಸು ಒಪ್ಪಿಬಿಡುವುದಿಲ್ಲ. ಒಪ್ಪದಿದ್ದರೆ ತಪ್ಪೇನಿಲ್ಲ, ಮನುಷ್ಯರ ಎಂಆರ್‌ಐ ಅಥವಾ ಇಇಜಿ ಮಾಡುವ ಲ್ಯಾಬುಗಳಲ್ಲೂ ಇದೇ ಹೆಸರಿನ ಹುದ್ದೆಗಳಿವೆ. ಆದರೆ ಸೇರಿದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಯೋಚಿಸಿ.

ಕಂಪ್ಯೂಟರ್ ಕೆಲಸ ಬರುತ್ತದೆಯೇ ಎಂದು ಕೇಳಿದರೆ, ಬರಲೇಬೇಕು. ನ್ಯೂರೋಪಿಕ್ಸೆಲ್ಸ್ ಎಂಬ ಮಿದುಳಿಗೆ ಇಳಿಸುವ ಸೂಜಿಯಂಥ ಪ್ರೋಬ್ 384 ಚಾನೆಲ್‌ಗಳಿಂದ, ಒಂದೊಂದರಲ್ಲಿ ಸೆಕೆಂಡಿಗೆ 30,000 ಸಲ, ಒಟ್ಟಿಗೆ ದಾಖಲಿಸುತ್ತದೆ. ಒಂದು ಮಾದರಿಗೆ ಎರಡು ಬೈಟ್ ಹಿಡಿದರೂ ಗಂಟೆಗೆ 80 ಗಿಗಾಬೈಟ್ ದಾಟುತ್ತದೆ. ಇದನ್ನು ಎಲ್ಲಿಡಬೇಕು, ಯಾವ ಹೆಸರಿನಲ್ಲಿಡಬೇಕು ಎಂಬ ಶಿಸ್ತು ಯಾರಾದರೂ ತರಬೇಕು. ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್ ಒಂದು ಮಟ್ಟಕ್ಕೆ ಬಂದರೆ ಸಾಕು.

ಇನ್ನು ಹೆಸರಿನ ವಿಷಯ. ಪ್ರಬಂಧದಲ್ಲಿ ನಿಮ್ಮ ಹೆಸರು ಲೇಖಕರ ಸಾಲಿನಲ್ಲಿ ಬರುತ್ತದೆಯೋ, ಕೊನೆಯ ಕೃತಜ್ಞತೆಯಲ್ಲಿ ಬರುತ್ತದೆಯೋ? ಅತಿ ಹೆಚ್ಚು ಮನಸ್ತಾಪ ಹುಟ್ಟುವುದು ಇಲ್ಲಿಯೇ. ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಹೇಳುವ ಪ್ರಕಾರ ಲೇಖಕರಾಗಲು ನಾಲ್ಕೂ ಬೇಕು: ಯೋಜನೆಯಲ್ಲೋ ಡೇಟಾ ಸಂಗ್ರಹದಲ್ಲೋ ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುವಿಕೆಯಲ್ಲಿ ಪಾಲು, ಅಂತಿಮ ಒಪ್ಪಿಗೆ, ಹೊಣೆ ಹೊರಲು ಸಿದ್ಧತೆ. ಮೊದಲನೆಯದರಲ್ಲಿ ಡೇಟಾ ಸಂಗ್ರಹವೂ ಸೇರಿರುವುದನ್ನು ಗಮನಿಸಿ. ಮೊದಲನೆಯದನ್ನು ಪೂರೈಸಿದವರಿಗೆ ಉಳಿದ ಮೂರಕ್ಕೂ ಅವಕಾಶ ಕೊಡಬೇಕು ಎಂದೂ ಅದೇ ಸಮಿತಿ ಹೇಳುತ್ತದೆ. ಕರಡು ತೋರಿಸದೇ ಇದ್ದು, ‘ನೀವು ಬರೆಯಲಿಲ್ಲವಲ್ಲ, ಹಾಗಾಗಿ ಲೇಖಕರಲ್ಲ’ ಅನ್ನುವುದು ನ್ಯಾಯವಲ್ಲ. ಪ್ರಯೋಗ ಶುರುವಾಗುವ ಮೊದಲೇ ಈ ಮಾತು ಆಡಿಬಿಡಿ, ಮುಗಿದ ಮೇಲೆ ಕೇಳಿದರೆ ಜಗಳದಂತೆ ಕೇಳಿಸುತ್ತದೆ.

ಡೇಟಾ ಕೈಬಿಡುವ ಮಾತೂ ಹೀಗೆಯೇ ಮೊದಲೇ ಆಗಿರಬೇಕು. ಪ್ಯಾಚ್ ಕ್ಲಾಂಪ್‌ನಲ್ಲಿ ದಾಖಲೆಯ ನಡುವೆ ಸೀರೀಸ್ ರೆಸಿಸ್ಟೆನ್ಸ್, ಅಂದರೆ ಪೈಪೆಟ್‌ನಿಂದ ಕೋಶದ ಒಳಕ್ಕೆ ಹೋಗುವ ದಾರಿಯಲ್ಲಿನ ತಡೆ, ಶೇ 20ಕ್ಕಿಂತ ಹೆಚ್ಚು ಬದಲಾದರೆ ಆ ಕೋಶವನ್ನು ಲೆಕ್ಕದಿಂದ ತೆಗೆಯುವುದು ರೂಢಿ. ಫಲಿತಾಂಶ ನೋಡುವ ಮೊದಲು ಬರೆದಿಟ್ಟ ನಿಯಮವಾದರೆ ಅದು ವಿಜ್ಞಾನ. ಚೆಂದದ ಫಲಿತಾಂಶ ಕೊಟ್ಟ ಕೋಶಕ್ಕೆ ಶೇ 25ರವರೆಗೂ ವಿನಾಯಿತಿ ಕೊಟ್ಟರೆ ಅದಕ್ಕೆ ಬೇರೆ ಹೆಸರಿದೆ. ಅವಸರದಲ್ಲಿರುವ ಪೋಸ್ಟ್‌ಡಾಕ್‌ಗೆ ಇದನ್ನು ಮುಖ ನೋಡಿ ಹೇಳಬೇಕಾದ ದಿನ ಬಂದೇ ಬರುತ್ತದೆ. ಆ ಪ್ರಬಂಧದಿಂದ ನಿಮಗೆ ಕೆಲಸವೋ ಪದವಿಯೋ ಸಿಗಬೇಕಾಗಿಲ್ಲ, ಹಾಗಾಗಿ ನಿಮಗೆ ಹೇಳುವುದು ಸುಲಭ. ಈ ಹುದ್ದೆಯ ನಿಜವಾದ ಬಲ ಇದೇ ಎಂದು ನನ್ನ ಅಭಿಪ್ರಾಯ.

ಮುಂದಿನ ದಾರಿಯ ಬಗ್ಗೆ ಸಿಹಿ ಮಾತು ಹೇಳಿ ಕಳಿಸುವುದಿಲ್ಲ. ಇಂಥ ಹುದ್ದೆಗಳಲ್ಲಿ ಬಹಳಷ್ಟು ಪಿಐಗೆ ಬಂದ ಗ್ರಾಂಟಿನ ಹಣದ ಮೇಲೆ ನಿಂತಿರುತ್ತವೆ. ಗ್ರಾಂಟ್ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ್ದು. ನವೀಕರಣವಾಗದಿದ್ದರೆ ನಿಮ್ಮ ಕೆಲಸ ಎಷ್ಟೇ ಚೆನ್ನಾಗಿರಲಿ, ಹುದ್ದೆ ಹೋಗಬಹುದು. ಏಣಿಯೂ ಗಿಡ್ಡ: ಸ್ಪೆಷಲಿಸ್ಟ್, ಹಿರಿಯ ಸ್ಪೆಷಲಿಸ್ಟ್, ಲ್ಯಾಬ್ ಮ್ಯಾನೇಜರ್, ಅಲ್ಲಿಂದ ಮೇಲೆ ಸ್ಟಾಫ್ ಸೈಂಟಿಸ್ಟ್ ಆಗಲು ಹೆಚ್ಚಿನ ಕಡೆ ಪಿಎಚ್‌ಡಿ ಕೇಳುತ್ತಾರೆ. ಪಕ್ಕದ ದಾರಿಗಳೇ ವಾಸಿ. ಹಲವು ಲ್ಯಾಬುಗಳಿಗೆ ಸೇವೆ ಕೊಡುವ ಇಮೇಜಿಂಗ್ ಕೇಂದ್ರಗಳು, ಔಷಧ ಕಂಪನಿಗಳು, ಉಪಕರಣ ತಯಾರಿಸುವವರು, ಇವರೆಲ್ಲ ಕೈಯಲ್ಲಿ ವಿದ್ಯೆ ಇರುವವರನ್ನು ಹುಡುಕುತ್ತಿರುತ್ತಾರೆ. ಪಿಎಚ್‌ಡಿ ಮಾಡಬೇಕೋ ಬೇಡವೋ ಎಂದು ತೂಗಿ ನೋಡುವವರಿಗೂ ಎರಡು ವರ್ಷ ಇಲ್ಲಿ ಕಳೆಯುವುದು ನಷ್ಟವಲ್ಲ. ಒಂದು ಎಚ್ಚರಿಕೆ: ಮನಸ್ಸಿನಲ್ಲಿ ನಿಮ್ಮದೇ ಪ್ರಶ್ನೆ ಕುದಿಯುತ್ತಿದ್ದರೆ, ಬೇರೆಯವರ ಪ್ರಶ್ನೆಗೆ ದುಡಿಯುವುದು ಬೇಗ ಕಹಿಯಾಗುತ್ತದೆ. ಅಂಥವರು ನೇರ ಪಿಎಚ್‌ಡಿಗೇ ಹೋಗಲಿ.

ಸಂದರ್ಶನಕ್ಕೆ ಕರೆದರೆ ನೀವೂ ಕೇಳಿ. ಸಂಬಳ ಯಾವ ಗ್ರಾಂಟಿನಿಂದ, ಅದು ಯಾವಾಗ ಮುಗಿಯುತ್ತದೆ? ಹಿಂದೆ ಈ ಹುದ್ದೆಯಲ್ಲಿದ್ದವರು ಯಾಕೆ ಬಿಟ್ಟರು, ಅವರ ಹೆಸರು ಎಷ್ಟು ಪ್ರಬಂಧಗಳಲ್ಲಿದೆ? ಮೊದಲ ಆರು ತಿಂಗಳು ಯಾರು ಕಲಿಸುತ್ತಾರೆ? ಜಾಹೀರಾತಿನ ಕೊನೆಯ ಸಾಲಿನಲ್ಲಿ ‘ವಹಿಸಿದ ಇತರ ಕೆಲಸಗಳು’ ಎಂದು ಇದ್ದೇ ಇರುತ್ತದೆ. ಸಾಮಾನು ತರಿಸುವುದು, ಬಿಲ್ಲು, ಮೈನಸ್ 80 ಡಿಗ್ರಿ ಫ್ರೀಜರಿನ ಮಂಜು ಕೆರೆಯುವುದು ಎಲ್ಲವೂ ಅದರಲ್ಲೇ ಅಡಗಿದೆ. ವಾರದಲ್ಲಿ ಅದಕ್ಕೆ ಎಷ್ಟು ದಿನ ಹೋಗುತ್ತದೆ ಎಂದು ಪಿಐ ಎದುರಿಗಿಲ್ಲದಾಗ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಸರಿಯಾದ ಉತ್ತರ ಸಿಗುತ್ತದೆ.

ಅರ್ಜಿಯ ಪತ್ರದಲ್ಲಿ ‘ಮಿದುಳಿನ ಬಗ್ಗೆ ನನಗೆ ಬಾಲ್ಯದಿಂದಲೂ ಕುತೂಹಲ’ ಎಂದು ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಎಂಎಸ್ಸಿಯಲ್ಲಿ ಕೈಕೊಟ್ಟ ಪ್ರಯೋಗ ಒಂದಾದರೂ ಇರುತ್ತದೆ. ಪಿಸಿಆರ್‌ನಲ್ಲಿ ಬ್ಯಾಂಡ್ ಬರಲಿಲ್ಲವೋ, ಆಂಟಿಬಾಡಿ ಎಲ್ಲಾ ಕಡೆ ಅಂಟಿಕೊಂಡಿತೋ. ಯಾವುದನ್ನು ಮೊದಲು ಅನುಮಾನಿಸಿದಿರಿ, ಯಾವ ಕಂಟ್ರೋಲ್ ಇಟ್ಟಿರಿ, ಕೊನೆಗೆ ಕಾರಣ ಏನೆಂದು ತಿಳಿಯಿತು ಎಂದು ಅರ್ಧ ಪುಟ ಬರೆಯಿರಿ. ಕಾರಣ ಸಿಗದೇ ಹೋಗಿದ್ದರೂ ಏನೇನು ಅಲ್ಲ ಎಂದು ಖಚಿತಪಡಿಸಿಕೊಂಡಿರಿ ಎಂಬುದನ್ನು ಬರೆದರೆ ಸಾಕು.