ಲಡಾಖ್‌ನಲ್ಲಿ ಬುಡಕಟ್ಟು ಜನ ಶೇ 79ರಷ್ಟಾ, 97ರಷ್ಟಾ?

ಲಡಾಖ್‌ಗೆ ಆರನೇ ಶೆಡ್ಯೂಲ್, ಅಂದ್ರೆ ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಮಂಡಳಿ ಕೊಡೋ ಸಂವಿಧಾನದ ಏರ್ಪಾಡು, ಬೇಕು ಅನ್ನೋ ಚರ್ಚೆ ಶುರುವಾದ್ರೆ ಸಾಕು, ಒಬ್ರು ಅಲ್ಲಿ ಶೇ 97 ಬುಡಕಟ್ಟಿನವ್ರೇ ಇರೋದು ಅಂತಾರೆ, ಇನ್ನೊಬ್ರು 2011ರ ಸೆನ್ಸಸ್ ತೆಗ್ದು ಎಲ್ಲಿದೆ ಸ್ವಾಮಿ, ಇದ್ರಲ್ಲಿ 80 ಕೂಡ ಇಲ್ವಲ್ಲ ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ.

1951ರಲ್ಲಿ ಜಮ್ಮು-ಕಾಶ್ಮೀರದಲ್ಲಿ ಗಣತಿನೇ ಆಗ್ಲಿಲ್ಲ, ಲಡಾಖ್ ಆಗ ಅದರೊಳಗೇ ಇತ್ತು, ಆಮೇಲೆ ಮೂರು ಸಲ ಆಯ್ತು, 1991ರಲ್ಲಿ ಗಲಾಟೆ ಅಂತ ಮತ್ತೆ ಇಲ್ಲ. 1989ರಲ್ಲಿ ಬಾಲ್ಟಿ, ಬೋಟ್, ಚಾಂಗ್ಪಾ, ಬ್ರೋಕ್ಪಾ ಹೀಗೆ ಎಂಟು ಸಮುದಾಯ ಎಸ್‌ಟಿ ಪಟ್ಟಿಗೆ ಸೇರಿದ್ವಲ್ಲ, ಅವ್ರನ್ನ ಎಸ್‌ಟಿ ಅಂತ ಮೊದಲ ಸಲ ಎಣಿಸಿದ್ದೇ 2001ರಲ್ಲಿ.

ತಮಾಷೆ ಇರೋದು 2011ರ ಲೆಕ್ಕದಲ್ಲಿ. ಗಣತಿ ಲೆಕ್ಕಕ್ಕೆ ಹಿಡಿದ ದಿನ ದೇಶಕ್ಕೆಲ್ಲ 2011ರ ಮಾರ್ಚ್ 1 ಆದ್ರೆ ಹಿಮ ಬೀಳೋ ಜಾಗಗಳಿಗೆ 2010ರ ಅಕ್ಟೋಬರ್ 1, ಯಾಕಂದ್ರೆ ಚಳಿಗಾಲದಲ್ಲಿ ಬೆಟ್ಟ ದಾಟೋ ದಾರಿಗಳು ಮುಚ್ಚಿರ್ತವೆ, ಊರೂರಿಗೆ ಹೋಗೋದಾದ್ರೂ ಹೇಗೆ. ಸರಿನೇ. ಆದ್ರೆ ಅದಕ್ಕೆ ಮನೆಮನೆಗೆ ಹೋಗಿ ಎಣಿಸಿದ್ದು ಸೆಪ್ಟೆಂಬರ್‌ನಲ್ಲಿ, ಸೆಪ್ಟೆಂಬರ್ ಅಂದ್ರೆ ರಸ್ತೆ ಕೆಲಸ ನಡೀತಿರೋ ಟೈಮು, ಜಾರ್ಖಂಡ್, ಬಿಹಾರದಿಂದ ಬಂದ ಕೂಲಿಯವ್ರು ಟೆಂಟ್ ಹಾಕ್ಕೊಂಡು ಅಲ್ಲೇ ಇರ್ತಾರೆ, ಸೈನ್ಯವಂತೂ ವರ್ಷಪೂರ್ತಿ ಇದ್ದೇ ಇರುತ್ತೆ, ಮತ್ತೆ ನಮ್ಮ ಗಣತಿ ನಿಯಮದ ಪ್ರಕಾರ ಎಣಿಕೆ ಮುಗಿಯೋವರೆಗೂ ತಮ್ಮೂರಲ್ಲಿ ಇಲ್ದೇ ಇರೋವ್ರನ್ನ ಸಿಕ್ಕಲ್ಲೇ ಎಣಿಸ್ಬೇಕು. ಹಾಗಾಗಿ ಲೇಹ್ ಜಿಲ್ಲೆಯಲ್ಲಿ ಗಂಡಸ್ರು 78,971, ಹೆಂಗಸ್ರು 54,516. ಸಾವಿರ ಗಂಡಸ್ರಿಗೆ 690 ಹೆಂಗಸ್ರು! ಇದನ್ನ ನೋಡಿ ಹೆಣ್ಣು ಭ್ರೂಣಹತ್ಯೆ ಅಂತ ಬೊಬ್ಬೆ ಹಾಕೋಕೆ ಮುಂಚೆ ಆರು ವರ್ಷದೊಳಗಿನ ಮಕ್ಕಳ ಲೆಕ್ಕ ನೋಡ್ಬೇಕು, ಅಲ್ಲಿ ಇಂಥ ಕಂದಕ ಇಲ್ಲ.

ಇಡೀ ಲಡಾಖ್ ಸೇರಿ ಜನ 2,74,289, ನಮ್ಮ ಶಿವಮೊಗ್ಗ ಸಿಟಿಗಿಂತ ಕಮ್ಮಿ, ಜಾಗ ಮಾತ್ರ ಕರ್ನಾಟಕದ ಮೂರನೇ ಒಂದು ಭಾಗದ ಹತ್ರ ಹತ್ರ. ಇಷ್ಟು ಸಣ್ಣ ಸಂಖ್ಯೆಗೆ ಹೊರಗಿನ ಕೆಲವು ಸಾವಿರ ಜನ ಸೇರಿದ್ರೂ ಪರ್ಸೆಂಟೇಜ್ ಎಲ್ಲ ಏರುಪೇರು. ಎಸ್‌ಟಿ 2,18,193, ಅಂದ್ರೆ ಶೇ 79.5.

2019ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗೋ ಹೊತ್ತಿಗೆ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಈ ಲೆಕ್ಕದಲ್ಲಿ ಸುನ್ನಿ ಮುಸ್ಲಿಮರೂ ಸೇರಿ ಕೆಲವು ಸಮುದಾಯ ಬಿಟ್ಟುಹೋಗಿವೆ, ಅವ್ರನ್ನೂ ಸೇರಿಸಿದ್ರೆ ಶೇ 97 ದಾಟುತ್ತೆ ಅಂತು, ಆರನೇ ಶೆಡ್ಯೂಲ್‌ಗೂ ಶಿಫಾರಸು ಮಾಡ್ತು. ಊರವ್ರು ಹಿಡ್ಕೊಂಡಿರೋದು ಆ ನಂಬರ್‌ನ, ಹಿಡ್ಕೊಂಡ್ರೆ ತಪ್ಪೇನಿಲ್ಲ ಬಿಡಿ.

2021ರ ಗಣತಿ ಮುಂದಕ್ಕೆ ಹೋಯ್ತಲ್ಲ, ಹೊಸದಕ್ಕೆ ಲಡಾಖ್‌ಗೆ ಗೊತ್ತು ಮಾಡಿರೋ ದಿನ 2026ರ ಅಕ್ಟೋಬರ್ 1, ಅದೇ ಸೀಸನ್ನು. ಹುಟ್ಟಿದ್ದೆಲ್ಲಿ, ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು ಅಂತ ಗಣತಿಲಿ ಕೇಳೋ ಪದ್ಧತಿ ಇದೆ, ಊರವ್ರೆಷ್ಟು ಬಂದವ್ರೆಷ್ಟು ಅಂತ ಬಿಡಿಸಿ ನೋಡೋಕೆ ಅದೇ ಸಾಕು, ಆದ್ರೆ ಹೋದ ಸಲ ಆ ವಲಸೆ ಟೇಬಲ್‌ಗಳು ಹೊರಗೆ ಬರೋ ಹೊತ್ತಿಗೆ ವರ್ಷಗಟ್ಲೆ ಕಳೆದಿತ್ತು.