ಹಕ್ಕಿ ಹಬ್ಬ ಮೇಲೆ, ನೀರಿನ ಜಗಳ ಕೆಳಗೆ: ಸ್ಯಾನ್ ಪೆಡ್ರೊ ನದಿ ಕತೆ

ಅಮೆರಿಕದ ಅರಿಜೋನಾದಲ್ಲಿ, ಮೆಕ್ಸಿಕೊ ಬಾರ್ಡರ್ ಹತ್ರ ಸಿಯೆರಾ ವಿಸ್ಟಾ ಅಂತ ಒಂದು ಊರಿದೆ. ಅಲ್ಲಿ 1990ರ ದಶಕದಿಂದ ಸೌತ್‌ವೆಸ್ಟ್ ವಿಂಗ್ಸ್ ಅನ್ನೋ ಹಕ್ಕಿ ಹಬ್ಬ ನಡ್ಕೊಂಡು ಬರ್ತಿದೆ, ಮರುಭೂಮಿ ಮಳೆಗಾಲದಲ್ಲಿ ಜನ ಬೈನಾಕ್ಯುಲರ್ ಕೊರಳಿಗೆ ಹಾಕ್ಕೊಂಡು ಬರ್ತಾರೆ. ಊರ ಪಕ್ಕದ ಸ್ಯಾನ್ ಪೆಡ್ರೊ ನದಿ ದಂಡೆ ಮೇಲಿರೋ, ಹಿಂದೆ ದನ ಸಾಕ್ತಿದ್ದ ಹಳೇ ರ‍್ಯಾಂಚ್ ಮನೆ ಹತ್ರ ಹಮ್ಮಿಂಗ್‌ಬರ್ಡ್ ಹಿಡಿದು ಗುರುತಿಗೆ ಅಂತ ಕಾಲಿಗೆ ಉಂಗುರ ಹಾಕೋದನ್ನ ಯಾರು ಬೇಕಾದ್ರೂ ನೋಡ್ಬಹುದಿತ್ತು. ಮೂರ‍್ನಾಲ್ಕು ಗ್ರಾಂ ತೂಕದ ಜೀವ, ಅದರ ಕಾಲಿಗೆ ನಂಬರ್ ಕೊರೆದಿರೋ ಉಂಗುರ! ಅದು ಎಷ್ಟು ಚಿಕ್ಕದು ಅಂತ ನೀವೇ ಯೋಚ್ನೆ ಮಾಡಿ.

ಆದ್ರೆ ಇಷ್ಟೊಂದು ಹಕ್ಕಿ ಮರುಭೂಮಿಗೆ ಯಾಕೆ ಬರ್ತಾವೆ ಅಂದ್ರೆ ನೀರಿಗೆ, ನೀರು ಕುಡಿದು ಬೆಳೆದ ಕಾಟನ್‌ವುಡ್ ಮತ್ತೆ ವಿಲೋ ಮರಗಳಿಗೆ. ಮೆಕ್ಸಿಕೊದ ಸೊನೋರಾದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಗಿಲಾ ನದಿ ಸೇರೋ ಈ ನದಿಗೆ ಒಂದೂ ದೊಡ್ಡ ಡ್ಯಾಮ್ ಇಲ್ಲ, ಆ ಭಾಗದಲ್ಲಿ ಅದು ಅಪರೂಪ. 350ಕ್ಕೂ ಹೆಚ್ಚು ಜಾತಿ ಹಕ್ಕಿ ಇಲ್ಲಿ ಕಾಣಿಸ್ಕೊಂಡಿವೆ.

ಮನುಷ್ಯರು ಇಲ್ಲಿಗೆ ಬಂದಿದ್ದು ಇವತ್ತು ನಿನ್ನೆ ಅಲ್ಲ. ಸುಮಾರು 13,000 ವರ್ಷದ ಹಿಂದೆ ಇಲ್ಲೇ ಮ್ಯಾಮತ್ (ಈಗ ಅಳಿದುಹೋಗಿರೋ ದೊಡ್ಡ ಆನೆ ಜಾತಿ) ಬೇಟೆ ಆಡಿದ್ರು, ಮರ್ರೇ ಸ್ಪ್ರಿಂಗ್ಸ್ ಅನ್ನೋ ಜಾಗದಲ್ಲಿ ಅದರ ಗುರುತುಗಳು ಸಿಕ್ಕಿವೆ. ನದಿ ಹಾಳಾಗೋಕೆ ಶುರುವಾಗಿದ್ದು 19ನೇ ಶತಮಾನದಲ್ಲಿ. ಬೀವರ್ (ತೊರೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸೋ ಪ್ರಾಣಿ) ಚರ್ಮಕ್ಕೆ ಅಂತ ಬೋನು ಇಟ್ಟು ಹಿಡಿಯೋ ಟ್ರ‍್ಯಾಪರ್‌ಗಳು ಬಂದ್ರು, ಆಮೇಲೆ ಟೂಮ್‌ಸ್ಟೋನ್ ಅನ್ನೋ ಊರಿನ ಬೆಳ್ಳಿ ಗಣಿ, ಅದಿರು ಪುಡಿ ಮಾಡೋ ಮಿಲ್‌ಗಳು, ಅದರ ಜೊತೆಗೆ ಲೆಕ್ಕವಿಲ್ಲದಷ್ಟು ದನ. ಹುಲ್ಲು ಹೋಯ್ತು, ನೆರೆ ಬಂದಾಗ ನದಿ ತನ್ನ ತಳಾನೇ ಕೊರ್ಕೊಂಡು ಆಳಕ್ಕೆ ಇಳೀತು, ದಂಡೆ ಜೌಗೆಲ್ಲ ಒಣಗ್ತಾ ಬಂತು.

1980ರ ದಶಕದಲ್ಲಿ ನದಿ ದಂಡೆಯ ದೊಡ್ಡ ರ‍್ಯಾಂಚ್ ಜಮೀನನ್ನ ಕೇಂದ್ರ ಸರ್ಕಾರ ಬೇರೆ ಜಮೀನು ಕೊಟ್ಟು ಬದಲಾಯಿಸ್ಕೊಳ್ತು. 1988ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತು, ಅಂದ್ರೆ ಅಲ್ಲಿಯ ಕಾಂಗ್ರೆಸ್, ಕಾನೂನು ಮಾಡಿ ಸುಮಾರು 57,000 ಎಕರೆಯನ್ನ, ಅದರೊಳಗೆ ಹರಿಯೋ ಸುಮಾರು 40 ಮೈಲಿ ನದಿ ಸಮೇತ, ಸಂರಕ್ಷಿತ ಪ್ರದೇಶ ಮಾಡ್ತು. ಹೆಚ್ಚಿನ ಕಡೆ ದನ ಮೇಯಿಸೋದು ನಿಲ್ತು, ಕೆಲವೇ ವರ್ಷದಲ್ಲಿ ಹುಲ್ಲು, ಪೊದೆ ಎಲ್ಲ ಮತ್ತೆ ಎದ್ದು ಬಂತು, ಗೂಡು ಕಟ್ಟೋ ಹಕ್ಕಿಗಳೂ ಜಾಸ್ತಿಯಾದ್ವು. 1999ರಿಂದ ಬೀವರ್‌ನೂ ವಾಪಸ್ ತಂದು ಬಿಟ್ರು.

ಆದ್ರೆ ಬೇಲಿ ಹಾಕಿದ್ದು ಮೇಲಿನ ಮಣ್ಣಿಗೆ. ಮಳೆ ಇಲ್ಲದ ತಿಂಗಳಲ್ಲಿ ಈ ನದಿ ಹರಿಯೋದು ಅಂತರ್ಜಲದಿಂದ, ಆ ಅಂತರ್ಜಲವನ್ನೇ ಪಕ್ಕದ ಫೋರ್ಟ್ ಹುವಾಚುಕಾ ಸೇನಾ ನೆಲೆ, ಸಿಯೆರಾ ವಿಸ್ಟಾ ಊರು, ಸುತ್ತಮುತ್ತಲಿನ ಮನೆಗಳು ಎಲ್ಲರೂ ಬೋರ್ ಹಾಕಿ ಎತ್ತುತಾರೆ. ಅರಿಜೋನಾ ಕಾನೂನಿನ ವಿಚಿತ್ರ ಏನಂದ್ರೆ ನದಿ ನೀರಿಗೆ ಒಂದು ರೂಲು, ನೆಲದಡಿ ನೀರಿಗೆ ಇನ್ನೊಂದು, ಎರಡೂ ಒಂದೇ ನೀರು ಅನ್ನೋದು ಕಾನೂನಿಗೆ ಬೇಕಿಲ್ಲ. ಪೋಲಾಗ್ತಿದ್ದ ಕೊಳಚೆ ನೀರನ್ನ ಶುದ್ಧ ಮಾಡಿ ನೆಲಕ್ಕೆ ಇಂಗಿಸೋದು, ನೀರು ಉಳಿಸೋದು ಎಲ್ಲ ನಡೀತು, ನಿಜ. ಆದ್ರೂ 2005ರ ಬೇಸಿಗೇಲಿ ಚಾರ್ಲ್‌ಸ್ಟನ್ ಅನ್ನೋ ಕಡೆ ಇರೋ ಅಳತೆ ಕೇಂದ್ರದಲ್ಲಿ ಹರಿವು ಸೊನ್ನೆಗೆ ಇಳೀತು, ಅಲ್ಲಿ ಹಿಂದೆಂದೂ ಹಾಗಾಗಿರ‍್ಲಿಲ್ಲ.

1988ರ ಕಾನೂನಲ್ಲೇ ನದಿಗೆ ಬೇಕಾದಷ್ಟು ನೀರು ಮೀಸಲು ಅಂತ ಬರೆದಿದೆ, ಎಷ್ಟು ಅಂತ ಮಾತ್ರ ಬರೆದಿಲ್ಲ. ಕೋರ್ಟ್‌ನಲ್ಲಿ ಅದು ವರ್ಷಾನುಗಟ್ಟಲೆ ಎಳೀತು. ಈ ಮಧ್ಯೆ ಸಾವಿರಾರು ಮನೆಗಳ ಒಂದು ಲೇಔಟ್ ಪ್ಲಾನ್ ಬಂತು. ಅದಕ್ಕೆ ನೀರಿನ ಪರ್ಮಿಷನ್ ಕೊಡುವಾಗ ನದಿಯ ಇನ್ನೂ ತೀರ್ಮಾನ ಆಗದ ಹಕ್ಕನ್ನ ಲೆಕ್ಕಕ್ಕೆ ತಗೋಬೇಕಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಬಿಡ್ತು. ಕೊನೆಗೆ 2023ರಲ್ಲಿ ಅರಿಜೋನಾ ಕೋರ್ಟೊಂದು ನದಿಯ ಪಾಲನ್ನ ಅಂಕಿಯಲ್ಲಿ ಬರೀತು, 35 ವರ್ಷ ಆದ್ಮೇಲೆ!

ನನ್ನ ಕೇಳಿದ್ರೆ ಇಲ್ಲಿಯ ನಿಜವಾದ ಹಬ್ಬ ಬೇರೇನೇ ಇದೆ. 1999ರಿಂದ ಪ್ರತಿ ಜೂನ್‌ನಲ್ಲಿ, ಮಳೆಗೆ ಮುಂಚೆ ನದಿ ತೀರಾ ಸೊರಗಿರೋ ಟೈಮಲ್ಲಿ, ವಾಲಂಟಿಯರ್‌ಗಳು ಬೆಳಿಗ್ಗೆ ಬೇಗ ಜಿಪಿಎಸ್ ಹಿಡ್ಕೊಂಡು ನದಿ ಪಾತ್ರದಲ್ಲೇ ನಡೀತಾರೆ, ನೀರು ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಗುರುತು ಹಾಕ್ತಾ ಹೋಗ್ತಾರೆ. ಹಕ್ಕಿ ಹಬ್ಬದಷ್ಟು ಫೋಟೋ ಇದಕ್ಕೆ ಬೀಳಲ್ಲ, ಆದ್ರೆ ಯಾವ ಭಾಗ ಯಾವ ವರ್ಷ ಒಣಗ್ತು ಅನ್ನೋ ಮ್ಯಾಪು ಇರೋದು ಇವರ ನಡಿಗೆಯಿಂದಲೇ.